ಬಿ12 ಮಾತ್ರೆ ಮೂರು ತಿಂಗಳು ತಿಂದ ಮೇಲೆ: ಮಾಲು ಓಕೆ, ಡಬ್ಬಿ ದಂಡ

ನಮ್ದು ಶನಿವಾರಸಂತೆ ಕಡೆ, ಮನೇಲಿ ಮೊಟ್ಟೆನೂ ಬರಲ್ಲ. ಕೊಡಗು ಅಂದ ತಕ್ಷಣ ಎಲ್ರೂ ಪಂದಿಕರಿ ಅಂತಾರಲ್ಲ, ನಾವು ಆ ಲೆಕ್ಕಕ್ಕೆ ಸೇರ್ದೇ ಇರೋರು. ಮೇ ತಿಂಗಳಲ್ಲಿ ಪಾದ ಜುಮ್ಮನ್ನೋಕೆ ಶುರುವಾಯ್ತು, ಮೊದ್ಲು ತೋಟದಲ್ಲಿ ಇಡೀ ದಿನ ಗಂಬೂಟ್ ಹಾಕ್ಕೊಂಡು ಓಡಾಡಿದ್ದಕ್ಕೆ ಅಂದ್ಕೊಂಡು ಸುಮ್ಮನಿದ್ದೆ, ಆಮೇಲೆ ಕುಶಾಲನಗರದಲ್ಲಿ ರಕ್ತ ಕೊಟ್ಟು ನೋಡಿದ್ರೆ ಬಿ12 ಬರೀ 142, 200ರ ಮೇಲಾದ್ರೂ ಇರ್ಬೇಕಂತೆ. ಡಾಕ್ಟ್ರು ಬರ್ಕೊಟ್ಟಿದ್ದು ಮೀಥೈಲ್‌ಕೋಬಾಲಮಿನ್, ಅಂದ್ರೆ ಬಿ12ರದ್ದೇ ಒಂದು ರೂಪ, 1500 ಮೈಕ್ರೋಗ್ರಾಂ. ಮೆಡಿಕಲ್‌ನವ್ನು "ಸ್ಟ್ರಿಪ್ ಖಾಲಿ ಅಕ್ಕ, ಇದು ಹೊಸದು ಬಂದಿದೆ" ಅಂತ ನಾಲಿಗೆ ಕೆಳಗೆ ಇಟ್ಕೊಳ್ಳೋ ಮಾತ್ರೆ ಡಬ್ಬಿ ಕೊಟ್ಟ. 90 ಮಾತ್ರೆ, ದಿನಕ್ಕೊಂದು.

ರುಚಿ ಚೆನ್ನಾಗಿದೆ, ಚಿಕ್ಕೋರಿದ್ದಾಗ ತಿಂತಿದ್ದ ಪೆಪ್ಪರ್‌ಮೆಂಟ್ ಥರ. ಆದ್ರೆ ನಾಲಿಗೆ ಕೆಳಗೆ ಇಟ್ರೂ ನುಂಗಿದ್ರೂ ಫಲ ಹೆಚ್ಚುಕಮ್ಮಿ ಒಂದೇ, ಅದಕ್ಕಂತ ಜಾಸ್ತಿ ದುಡ್ಡು ಕೊಡ್ಬೇಡಿ. 1500 ಅಂತ ನೋಡಿ ಹೆದರೋದೂ ಬೇಡ. ನಮ್ಗೆ ದಿನಕ್ಕೆ ಬೇಕಾಗೋದು 2 ಮೈಕ್ರೋಗ್ರಾಂ ಚಿಲ್ಲರೆ, ಕರುಳು ಒಂದು ಸಲಕ್ಕೆ ಸರಿಯಾದ ದಾರೀಲಿ ಎಳ್ಕೊಳ್ಳೋದೂ ಅಷ್ಟೇ, ಉಳಿದಿದ್ರಲ್ಲಿ ನೂರಕ್ಕೆ ಒಂದು ಪಾಲು ಹೆಂಗೋ ನುಸುಳ್ಕೊಂಡು ಹೋಗುತ್ತೆ, ಮಿಕ್ಕಿದ್ದೆಲ್ಲ ಹಂಗೇ ಹೊರಗೆ.

ನನ್ನ ಸಿಟ್ಟು ಲೇಬಲ್ ಮೇಲೆ. "ಶೇ. 100 ಸಸ್ಯಜನ್ಯ" ಅಂತ ಬರ್ದು ಪಕ್ಕದಲ್ಲಿ ಹಸ್ರು ಎಲೆ ಹಾಕಿದಾರೆ. ಅಲ್ಲ ಮಾರಾಯ್ರೆ, ಯಾವ ಗಿಡನೂ ಬಿ12 ಮಾಡಲ್ಲ, ಪ್ರಾಣಿನೂ ಮಾಡಲ್ಲ! ಅದನ್ನ ಕಟ್ಟೋ ಎಂಜೈಮ್‌ಗಳು, ಅಂದ್ರೆ ಜೀವಕೋಶದೊಳಗೆ ಕೆಲ್ಸ ಮಾಡೋ ಪ್ರೋಟೀನುಗಳು, ಇರೋದು ಬ್ಯಾಕ್ಟೀರಿಯಾ ಹತ್ರ, ಇಲ್ಲಾ ಅವುಗಳ ಥರದ್ದೇ ಆರ್ಕಿಯಾ ಅನ್ನೋ ಸೂಕ್ಷ್ಮಜೀವಿಗಳ ಹತ್ರ. ಹೆಚ್ಚುಕಮ್ಮಿ 30 ಎಂಜೈಮ್ ಒಂದಾದ್ಮೇಲೊಂದು ಕೆಲ್ಸ ಮಾಡ್ಬೇಕು. ಬಿ12 ಅಣುವಿನ ಉಂಗುರದಂಥ ಚೌಕಟ್ಟು ಎಲೆಯ ಹಸ್ರಿಗೂ ರಕ್ತದ ಕೆಂಪಿಗೂ ಇದಕ್ಕೂ ಒಂದೇ ಸಾಮಾನಿಂದ ಬರೋದು, ನಡುವೆ ಮೆಗ್ನೀಷಿಯಂ ಕೂತ್ರೆ ಎಲೆ, ಕಬ್ಬಿಣ ಕೂತ್ರೆ ರಕ್ತ, ಕೋಬಾಲ್ಟ್ ಕೂತ್ರೆ ಈ ಮಾತ್ರೆ. ನಂಗೆ ತುಂಬಾ ಇಷ್ಟ ಆಗಿದ್ದು ಬ್ಲೂಬಿ ಅನ್ನೋ ಎಂಜೈಮು. ಬಿ12 ಅಣುವಿನ ಕೆಳಗಡೆ ಒಂದು ತುಂಡು ಇರುತ್ತೆ, ಅದು ಎಲ್ಲಿಂದ ಬರುತ್ತೆ ಅಂತ ಬಹಳ ವರ್ಷ ಸರಿಯಾಗಿ ಗೊತ್ತಿರ್ಲಿಲ್ಲ, 2007ರಲ್ಲಿ ನೋಡಿದ್ರೆ ಬ್ಲೂಬಿ ಇನ್ನೊಂದು ವಿಟಮಿನ್ನು, ಅಂದ್ರೆ ಬಿ2 ಇಂದ ಆದ ಕೋಎಂಜೈಮನ್ನೇ (ಎಂಜೈಮಿಗೆ ಜೊತೆಗಿದ್ದು ಸಹಾಯ ಮಾಡೋ ವಸ್ತು) ಒಡ್ದು ಆ ತುಂಡು ಮಾಡುತ್ತೆ. ಹಳೇ ಮನೆ ಜಂತೆ ಬಿಚ್ಚಿ ಹೊಸ ಕೊಟ್ಟಿಗೆಗೆ ಹಾಕೋ ಲೆಕ್ಕ. ವುಡ್‌ವರ್ಡ್, ಎಶೆನ್‌ಮೋಸರ್ ಅನ್ನೋ ರಸಾಯನಶಾಸ್ತ್ರದ ಘಟಾನುಘಟಿಗಳು ನೂರು ಜನ ಕಟ್ಕೊಂಡು ಹತ್ತು ವರ್ಷದ ಮೇಲೆ ಒದ್ದಾಡಿ 1972ರ ಹೊತ್ತಿಗೆ ಲ್ಯಾಬಲ್ಲಿ ಮಾಡಿದ್ರು, ಆದ್ರೂ ಇವತ್ತಿಗೂ ಫ್ಯಾಕ್ಟರಿ ಟ್ಯಾಂಕಲ್ಲಿ ಬ್ಯಾಕ್ಟೀರಿಯಾನೇ ದುಡೀತಿರೋದು.

ನಮ್ಮ ಹಸುನೂ ಅಷ್ಟೇ, ಹುಲ್ಲು ತಿನ್ನುತ್ತೆ, ಹೊಟ್ಟೇಲಿರೋ ಬ್ಯಾಕ್ಟೀರಿಯಾ ಬಿ12 ಮಾಡುತ್ತೆ, ಹಾಲಿಗೆ ಬರುತ್ತೆ. ಹಂಗಾದ್ರೆ ಹಸು ಸಾಕಿರೋ ನಂಗ್ಯಾಕೆ ಕಮ್ಮಿ ಅಂದ್ರೆ, ನಾನು ಕುಡಿಯೋದು ಬೆಲ್ಲದ ಕರಿಕಾಫಿ, ಹಾಲೆಲ್ಲ ಡೈರಿಗೆ! ಅದ್ರ ಮೇಲೆ ವರ್ಷಗಟ್ಲೆ ಗ್ಯಾಸ್ ಮಾತ್ರೆ ಬೇರೆ, ಹೊಟ್ಟೇಲಿ ಆಸಿಡ್ ಕಮ್ಮಿಯಾದ್ರೆ ಊಟದಲ್ಲಿರೋ ಬಿ12 ಬಿಡಿಸ್ಕೊಳ್ಳೋದು ಕಷ್ಟ ಅಂತ ಡಾಕ್ಟ್ರು ಬೈದ್ರು.

ಇನ್ನು ಡಬ್ಬಿ. ಮೀಥೈಲ್‌ಕೋಬಾಲಮಿನ್ ಬೆಳಕಿಗೆ ಕೆಡೋ ವಸ್ತು, ಇವ್ರು ಕೊಟ್ಟಿರೋದು ಆಚೆ ಕಡೆ ಕಾಣೋ ಪ್ಲಾಸ್ಟಿಕ್. ಸರಿ ಅಂತ ಕಬೋರ್ಡಲ್ಲಿಟ್ಟೆ. ಜುಲೈ ಮಳೇಲಿ ನಮ್ಮ ಕಡೆ ಚಪ್ಪಲಿಗೂ ಬೂಸ್ಟು ಹಿಡಿಯುತ್ತೆ, ಒಂದಿನ ಮುಚ್ಚಳ ತೆಗ್ದು ಅಲ್ಲಾಡಿಸಿದ್ರೆ ಸದ್ದೇ ಇಲ್ಲ, ಎಲ್ಲಾ ಒಂದಕ್ಕೊಂದು ಅಂಟ್ಕೊಂಡು ಉಂಡೆ ಆಗಿತ್ತು, ಚಮಚದ ಹಿಡೀಲಿ ಬಿಡಿಸೋಕೆ ಹೋಗಿ ಅಂಗೈಯೆಲ್ಲ ಗುಲಾಬಿ ಬಣ್ಣ. ಎಂಟ್ಹತ್ತು ಮಾತ್ರೆ ಪುಡಿಯಾಗಿ ಹೋಯ್ತು. ಒಳಗಿದ್ದ ತೇವ ಹೀರೋ ಪೊಟ್ಟಣನ ಮೊದ್ಲನೇ ದಿನಾನೇ ಬಿಸಾಕಿದ್ದೆ, ಅದು ನನ್ನ ತಪ್ಪೇ.

ಮೂರು ತಿಂಗಳಾದ್ಮೇಲೆ ಟೆಸ್ಟ್ ಮಾಡಿಸ್ದೆ, 480. ಜುಮ್ಮನ್ನೋದು ಹೋಗಿದೆ, ಎಡಗಾಲಿನ ಹೆಬ್ಬೆರಳಲ್ಲಿ ಮಾತ್ರ ಇನ್ನೂ ಸ್ವಲ್ಪ ಇದೆ. ಮಾತ್ರೆಗೆ 4 ಸ್ಟಾರ್, ಡಬ್ಬಿಗೆ 1, ಲೇಬಲ್ಲಿಗೆ ಸೊನ್ನೆ. ಮುಂದಿನ ಸಲಕ್ಕೆ ಸ್ಟ್ರಿಪ್ಪೇ ತರಿಸಿಡು ಅಂತ ಮೆಡಿಕಲ್‌ನವ್ನಿಗೆ ಹೇಳಿ ಬಂದಿದೀನಿ.