ಅಟಾಮಿಕ್ ಸ್ವಾಪ್‌ಗೆ ಕೈಹಾಕುವ ಮುಂಚೆ ಗಡುವು ನೋಡಿಕೊಳ್ಳಿ

ಕ್ರಿಪ್ಟೋ ಕಾಯಿನ್ ಕೊಂಡು ಮಾರುವ ಎಕ್ಸ್‌ಚೇಂಜ್‌ಗಳ ಮೇಲೆ ನಂಬಿಕೆ ಕಳೆದುಕೊಂಡವರು ಈಗ ಜಾಸ್ತಿ. 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಮುಳುಗಿತು. 2024ರ ಜುಲೈನಲ್ಲಿ ನಮ್ಮಲ್ಲೇ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ಕಾಯಿನ್ ಕಳವಾಯಿತು. ಇದನ್ನೆಲ್ಲ ನೋಡಿದವರಿಗೆ, ನಡುವೆ ಯಾರೂ ಬೇಡ, ನೇರವಾಗಿ ಅದಲುಬದಲು ಮಾಡಿಕೊಳ್ಳೋಣ ಅನ್ನಿಸುವುದು ಸಹಜ. ಹೀಗೆ ಇಬ್ಬರು ನೇರವಾಗಿ ಒಂದು ಕಾಯಿನ್ ಕೊಟ್ಟು ಇನ್ನೊಂದು ಪಡೆಯುವುದೇ ಅಟಾಮಿಕ್ ಸ್ವಾಪ್. ಅದರ ಬಗ್ಗೆ ವಿಚಾರಿಸಿದರೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ: ವ್ಯವಹಾರ ಆದರೆ ಎರಡೂ ಕಡೆ ಆಗುತ್ತೆ, ಇಲ್ಲದಿದ್ದರೆ ಅವರವರ ದುಡ್ಡು ಅವರವರಿಗೆ ವಾಪಸ್.

ಈ ಮಾತು ಪೂರ್ತಿ ನಿಜವಲ್ಲ. ನನ್ನ ಲೈಟ್‌ಕಾಯಿನ್ ಹೋಯಿತು. ಬರಬೇಕಿದ್ದ ಬಿಟ್‌ಕಾಯಿನ್ ಬರಲಿಲ್ಲ. ಯಾರೂ ಹ್ಯಾಕ್ ಮಾಡಲಿಲ್ಲ, ಯಾರೂ ಪಾಸ್‌ವರ್ಡ್ ಕದಿಯಲಿಲ್ಲ.

ಮೊದಲು ಇದು ನಡೆಯುವ ರೀತಿ ಹೇಳುತ್ತೇನೆ, ಏಕೆಂದರೆ ಪೆಟ್ಟು ಬೀಳುವ ಜಾಗ ಅದರಲ್ಲೇ ಇದೆ. 2013ರಲ್ಲಿ ಟಿಯರ್ ನೋಲನ್ ಎಂಬ ಹೆಸರಿನವರು ಈ ವಿಧಾನವನ್ನು ವಿವರಿಸಿ ಬರೆದರು. ಲೈಟ್‌ಕಾಯಿನ್ ಹುಟ್ಟುಹಾಕಿದ ಚಾರ್ಲಿ ಲೀ 2017ರಲ್ಲಿ ಅದನ್ನು ಡಿಕ್ರೆಡ್ ಎಂಬ ಇನ್ನೊಂದು ಕಾಯಿನ್ ಜೊತೆಗೆ, ಆಮೇಲೆ ಬಿಟ್‌ಕಾಯಿನ್ ಜೊತೆಗೆ ಮಾಡಿ ತೋರಿಸಿದರು. ಒಂದೇ ಕೀಲಿಯಿಂದ ತೆರೆಯುವ ಎರಡು ಪೆಟ್ಟಿಗೆ ಅಂದುಕೊಳ್ಳಿ. ಮೊದಲು ಲಾಕ್ ಮಾಡುವವರು ಒಂದು ಗುಟ್ಟಿನ ಸಂಖ್ಯೆ ಇಟ್ಟುಕೊಂಡು, ಅದರ ಹ್ಯಾಶ್ ಮಾತ್ರ (ಆ ಸಂಖ್ಯೆಯಿಂದ ಲೆಕ್ಕ ಹಾಕಿ ಪಡೆದ ಗುರುತು, ಅದನ್ನು ನೋಡಿ ಗುಟ್ಟು ತಿಳಿಯಲಾಗದು) ಎದುರಿನವರಿಗೆ ಕೊಡುತ್ತಾರೆ. ಇಬ್ಬರೂ ಅದೇ ಹ್ಯಾಶ್ ಮೇಲೆ ತಮ್ಮ ತಮ್ಮ ಕಾಯಿನ್ ಲಾಕ್ ಮಾಡುತ್ತಾರೆ. ಮೊದಲನೆಯವರು ಗುಟ್ಟು ತೋರಿಸಿ ಎದುರಿನವರ ಕಾಯಿನ್ ತೆಗೆದುಕೊಂಡ ಕೂಡಲೇ ಆ ಗುಟ್ಟು ಬ್ಲಾಕ್‌ಚೈನ್ ಎಂಬ ಬಹಿರಂಗ ಲೆಕ್ಕದ ಪುಸ್ತಕದಲ್ಲಿ ಎಲ್ಲರಿಗೂ ಕಾಣುತ್ತದೆ. ಎರಡನೆಯವರು ಅದನ್ನೇ ಬಳಸಿ ತಮ್ಮ ಪಾಲು ತೆಗೆದುಕೊಳ್ಳುತ್ತಾರೆ. ಯಾರಾದರೂ ಅರ್ಧದಲ್ಲಿ ಕೈಬಿಟ್ಟರೆ ಗಡುವು ಮುಗಿದ ಮೇಲೆ ಹಣ ವಾಪಸ್ ತೆಗೆಯಬಹುದು. ಸಾಮಾನ್ಯವಾಗಿ ಮೊದಲನೆಯವರ ಲಾಕ್‌ಗೆ 48 ಗಂಟೆ, ಎರಡನೆಯವರದ್ದಕ್ಕೆ 24 ಗಂಟೆ.

ಆ ಸ್ವಾಪ್‌ನಲ್ಲಿ ನಾನು ಎರಡನೆಯವನು. 2024ರ ಏಪ್ರಿಲ್ 18, ಗುರುವಾರ ಸಂಜೆ. ಎದುರಿನವರು ಬಿಟ್‌ಕಾಯಿನ್ ಲಾಕ್ ಮಾಡಿದರು. ಮೊತ್ತ, ಹ್ಯಾಶ್, ಗಡುವು ಎಲ್ಲ ಚೈನ್ ಮೇಲೆ ನೋಡಿ ಸರಿಯಾಗಿದೆ ಅಂತ ಖಚಿತವಾದ ಮೇಲೆ ನಾನು ಲಕ್ಷ ರೂಪಾಯಿ ಬೆಲೆಯ ಲೈಟ್‌ಕಾಯಿನ್ ಲಾಕ್ ಮಾಡಿದೆ. ಲೈಟ್‌ಕಾಯಿನ್ ಬ್ಲಾಕ್, ಅಂದರೆ ಒಟ್ಟಿಗೆ ದಾಖಲಾಗುವ ಟ್ರಾನ್ಸಾಕ್ಷನ್‌ಗಳ ಕಟ್ಟು, ಎರಡೂವರೆ ನಿಮಿಷಕ್ಕೊಂದು ಬರುತ್ತದೆ. ಅವರು ಆಗಲೇ ತೆಗೆದುಕೊಂಡಿದ್ದರೆ ಅರ್ಧ ಗಂಟೆಯಲ್ಲಿ ನನ್ನ ಕೆಲಸವೂ ಮುಗಿಯುತ್ತಿತ್ತು.

ಅವರು ತೆಗೆದುಕೊಳ್ಳಲಿಲ್ಲ. ಮೆಸೇಜ್‌ಗೂ ಉತ್ತರ ಇಲ್ಲ. ಶುಕ್ರವಾರ ಸಂಜೆ, ನನ್ನ 24 ಗಂಟೆ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆ ಅನ್ನುವಾಗ ಗುಟ್ಟು ತೋರಿಸಿ ತೆಗೆದುಕೊಂಡರು. ಇದು ನಿಯಮದ ಒಳಗೇ ಇದೆ. ಗುಟ್ಟು ಕೈಯಲ್ಲಿರುವವರು ಇಡೀ ದಿನ ಬೆಲೆ ನೋಡುತ್ತಾ ಕೂರಬಹುದು. ಲಾಭ ಕಂಡರೆ ತೆಗೆದುಕೊಳ್ಳುತ್ತಾರೆ, ಇಲ್ಲದಿದ್ದರೆ ಸುಮ್ನೆ ಬಿಟ್ಟುಬಿಡುತ್ತಾರೆ. ಎರಡನೆಯವರಿಗೆ ಆ ಆಯ್ಕೆಯೇ ಇಲ್ಲ. ಈ ವ್ಯವಸ್ಥೆಯಲ್ಲಿ ನನಗೆ ಅತಿ ಅನ್ಯಾಯ ಅನ್ನಿಸುವುದು ಇದೇ.

ಗುಟ್ಟು ಸಿಕ್ಕ ಕೂಡಲೇ ನನ್ನ ಸಾಫ್ಟ್‌ವೇರ್ ಬಿಟ್‌ಕಾಯಿನ್ ತೆಗೆಯುವ ಟ್ರಾನ್ಸಾಕ್ಷನ್ ಕಳಿಸಿತು. ಟ್ರಾನ್ಸಾಕ್ಷನ್ ಅನ್ನು ಬ್ಲಾಕ್‌ಗೆ ಸೇರಿಸುವ ಮೈನರ್‌ಗಳಿಗೆ ಕೊಡುವ ಫೀಸ್ ಎಷ್ಟು ಅಂತ ಅದೇ ಲೆಕ್ಕ ಹಾಕಿತ್ತು, ಮಾಮೂಲಿ ದಿನದ ಲೆಕ್ಕ. ಆದರೆ ಮರುದಿನ ಮಾಮೂಲಿ ದಿನವಲ್ಲ. ಶನಿವಾರ ಬೆಳಗಿನ ಜಾವ, ನಮ್ಮ ಸಮಯ ಐದೂವರೆ ದಾಟಿದಾಗ, 8,40,000ನೇ ಬ್ಲಾಕ್‌ನಲ್ಲಿ ಬಿಟ್‌ಕಾಯಿನ್ ಹಾಲ್ವಿಂಗ್ ಆಯಿತು, ಅಂದರೆ ಪ್ರತಿ ಬ್ಲಾಕ್‌ಗೆ ಮೈನರ್‌ಗಳಿಗೆ ಸಿಗುವ ಹೊಸ ಬಿಟ್‌ಕಾಯಿನ್ ಅರ್ಧಕ್ಕಿಳಿಯಿತು. ಅದೇ ಬ್ಲಾಕ್‌ನಿಂದ, ಬಿಟ್‌ಕಾಯಿನ್ ಚೈನ್ ಮೇಲೆಯೇ ಹುಟ್ಟಿಸುವ ರೂನ್ಸ್ ಟೋಕನ್‌ಗಳೂ ಶುರುವಾದವು. ಎಲ್ಲರೂ ಒಟ್ಟಿಗೆ ನುಗ್ಗಿದರು. ಒಂದು ಟ್ರಾನ್ಸಾಕ್ಷನ್‌ನ ಸರಾಸರಿ ಫೀಸ್ ಆ ದಿನ ನೂರು ಡಾಲರ್ ದಾಟಿತು.

ನನ್ನ ಟ್ರಾನ್ಸಾಕ್ಷನ್ ಮೆಂಪೂಲ್‌ನಲ್ಲೇ, ಅಂದರೆ ಬ್ಲಾಕ್ ಸೇರಲು ಕಾಯುವ ಸಾಲಿನಲ್ಲೇ, ನಿಂತಿತು. ಫೀಸ್ ಏರಿಸಲು ಆ ಸಾಫ್ಟ್‌ವೇರ್‌ನಲ್ಲಿ ದಾರಿ ಇರಲಿಲ್ಲ. ಇನ್ನೂ ಕನ್ಫರ್ಮ್ ಆಗದ, ಅಂದರೆ ಬ್ಲಾಕ್ ಸೇರದ, ಹಣವನ್ನು ಖರ್ಚು ಮಾಡಲು ವ್ಯಾಲೆಟ್ ಬಿಡಲಿಲ್ಲ, ಹಾಗಾಗಿ ಜಾಸ್ತಿ ಫೀಸ್‌ನ ಇನ್ನೊಂದು ಟ್ರಾನ್ಸಾಕ್ಷನ್ ಹಿಂದೆ ಕಟ್ಟಿ ಇದನ್ನು ಎಳೆಸುವುದೂ ಆಗಲಿಲ್ಲ. ಅಷ್ಟೇ ಅಲ್ಲ, ಮೆಂಪೂಲ್ ತುಂಬಿದಾಗ ನೋಡ್‌ಗಳು (ಈ ಜಾಲ ನಡೆಸುವ ಕಂಪ್ಯೂಟರ್‌ಗಳು) ಕಡಿಮೆ ಫೀಸ್‌ನವನ್ನು ಹೊರಗೆ ಹಾಕುತ್ತವೆ. ಚೈನ್ ನೋಡುವ ಒಂದು ವೆಬ್‌ಸೈಟ್‌ನಲ್ಲಿ (ಎಕ್ಸ್‌ಪ್ಲೋರರ್) ಕಾಣುತ್ತಿದ್ದ ನನ್ನ ಟ್ರಾನ್ಸಾಕ್ಷನ್ ಮತ್ತೊಂದರಲ್ಲಿ ಇರಲೇ ಇಲ್ಲ. ಶನಿವಾರ ಸಂಜೆ 48 ಗಂಟೆ ಮುಗಿಯಿತು. ಎದುರಿನವರು ಜಾಸ್ತಿ ಫೀಸ್ ಹಾಕಿ ತಮ್ಮ ಬಿಟ್‌ಕಾಯಿನ್ ವಾಪಸ್ ತೆಗೆದರು. ಎರಡೂ ಟ್ರಾನ್ಸಾಕ್ಷನ್ ಒಂದೇ ಹಣದ ಮೇಲೆ. ಮೈನರ್‌ಗಳು ಜಾಸ್ತಿ ಕೊಟ್ಟಿದ್ದನ್ನು ಆರಿಸಿದರು. ನನ್ನ ಲೈಟ್‌ಕಾಯಿನ್ ಹಿಂದಿನ ದಿನವೇ ಅವರ ಕೈ ಸೇರಿತ್ತು.

ದೂರು ಕೊಡೋಣ ಅಂದರೆ ಯಾರ ಮೇಲೆ? ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರೆ ಬ್ಯಾಂಕ್ ಖಾತೆ ಯಾವುದು, ಯುಪಿಐ ಯಾವುದು ಅಂತ ಕೇಳುತ್ತಾರೆ. ನನ್ನ ಬಳಿ ಇದ್ದದ್ದು ಚೈನ್ ಮೇಲಿನ ಒಂದು ವ್ಯಾಲೆಟ್ ವಿಳಾಸ ಮಾತ್ರ, ಅದರ ಹಿಂದೆ ಯಾವ ದೇಶದವರು ಅಂತಲೂ ತಿಳಿಯದು. ತೆರಿಗೆಯಲ್ಲೂ ಸಮಾಧಾನವಿಲ್ಲ. ಆದಾಯ ತೆರಿಗೆ ಕಾನೂನಿನ ಪ್ರಕಾರ ಕ್ರಿಪ್ಟೋ ಲಾಭಕ್ಕೆ ಶೇ. 30 ತೆರಿಗೆ, ನಷ್ಟವನ್ನು ಯಾವುದಕ್ಕೂ ಹೊಂದಿಸುವ ಹಾಗಿಲ್ಲ. ಒಂದು ಕಾಯಿನ್ ಕೊಟ್ಟು ಇನ್ನೊಂದು ತೆಗೆದುಕೊಂಡರೂ ಅದು ವರ್ಗಾವಣೆಯೇ. 2022ರ ಜುಲೈನಿಂದ ಶೇ. 1 ಟಿಡಿಎಸ್ ಕೂಡ ಇದೆ. ನಡುವೆ ಎಕ್ಸ್‌ಚೇಂಜ್ ಇಲ್ಲ ಅಂದರೆ ಅದರ ಹೊಣೆ ನಿಮ್ಮ ತಲೆ ಮೇಲೇ ಬರುತ್ತದೆ. ಇಂಥ ಸ್ವಾಪ್‌ಗೆ ಇಳಿಯುವವರು ಮೊದಲೇ ಲೆಕ್ಕಪರಿಶೋಧಕರ ಹತ್ತಿರ ಮಾತಾಡಿ.

ಅಟಾಮಿಕ್ ಸ್ವಾಪ್ ಮೋಸ ಅಂತ ನಾನು ಹೇಳುತ್ತಿಲ್ಲ. ಅದರ ಹಿಂದಿನ ಯೋಚನೆ ನಿಜಕ್ಕೂ ಚೆನ್ನಾಗಿದೆ, ಅದು ಬೆಳೆಯಬೇಕು ಅಂತ ಈಗಲೂ ನನಗೆ ಆಸೆ ಇದೆ. ಆದರೆ ಎರಡನೆಯವರಾಗಿ ಸೇರುವವರಿಗೆ ಎರಡು ಗಡುವುಗಳ ನಡುವಿನ ಅಂತರವೇ ಜೀವ. ಆ ಅಂತರ ಒಂದು ದಿನಕ್ಕಿಂತ ಕಡಿಮೆ ಇದ್ದರೆ ಬೇಡವೇ ಬೇಡ ಅನ್ನಿ. ಒಂದು ದಿನವೂ ಸಾಲದು ಅನ್ನುವುದು ನನ್ನ ಅಭಿಪ್ರಾಯ. ಸಾಫ್ಟ್‌ವೇರ್‌ನಲ್ಲಿ ಫೀಸ್ ನೀವೇ ಹಾಕಬಹುದಾ, ಕಳಿಸಿದ ಮೇಲೆ ಏರಿಸಬಹುದಾ ಅಂತ ಚಿಕ್ಕ ಮೊತ್ತದಲ್ಲಿ ಮಾಡಿ ನೋಡಿ. ಮೆಂಪೂಲ್ ಗಿಜಿಗುಡುತ್ತಿದ್ದರೆ ಆ ವಾರ ಮುಟ್ಟಲೇಬೇಡಿ. ಸ್ವಾಪ್‌ಗೆ ಸಹಾಯ ಮಾಡುತ್ತೇವೆ ಅಂತ ಬಂದು ವ್ಯಾಲೆಟ್‌ನ ಪೂರ್ತಿ ಹಿಡಿತ ಕೊಡುವ 12 ಅಥವಾ 24 ಪದ ಕೇಳಿದವರು ಕಳ್ಳರೇ, ಅದರಲ್ಲಿ ಅನುಮಾನ ಬೇಡ.

ಈಗ ಸ್ವಾಪ್ ನಡುವೆ ಸಿಕ್ಕಿಕೊಂಡಿರುವವರು ಯಾರಾದರೂ ಇದ್ದರೆ, ಎದುರಿನವರು ಗುಟ್ಟು ಬಿಟ್ಟಿದ್ದಾರಾ ಅಂತ ಈಗಲೇ ಚೈನ್ ನೋಡಿ. ಬಿಟ್ಟಿದ್ದರೆ ಫೀಸ್‌ನಲ್ಲಿ ಚೌಕಾಸಿ ಮಾಡದೆ ನಿಮ್ಮ ಪಾಲು ತೆಗೆದುಕೊಳ್ಳಿ. ಬಿಟ್ಟಿಲ್ಲ, ನಿಮ್ಮ ಗಡುವು ಮುಗಿದಿದೆ ಅಂದರೆ ರೀಫಂಡ್ ಈ ಕ್ಷಣವೇ ಕಳಿಸಿ. ಗಡುವು ಮುಗಿದ ಮೇಲೂ ಅವರು ಗುಟ್ಟು ತೋರಿಸಿ ನಿಮ್ಮ ಕಾಯಿನ್ ತೆಗೆಯಬಹುದು, ರೀಫಂಡ್ ಕನ್ಫರ್ಮ್ ಆಗುವ ತನಕ ಆ ಬಾಗಿಲು ತೆರೆದೇ ಇರುತ್ತದೆ.