ಕೊಸರಿಗೆ ಮುಂಗಡ ಹಣ: ನೋ ಮ್ಯಾನ್ಸ್ ಸ್ಕೈ, ಏಳು ವರ್ಷಗಳ ಬಳಕೆಯ ನಂತರ

2018ರ ಡಿಸೆಂಬರಿನಲ್ಲಿ, ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನ ಚಳಿಗಾಲದ ರಿಯಾಯಿತಿ ಮಾರಾಟದಲ್ಲಿ, ಗ್ರಹದಿಂದ ಗ್ರಹಕ್ಕೆ ಸುತ್ತುವ ನೋ ಮ್ಯಾನ್ಸ್ ಸ್ಕೈ ಎಂಬ ವಿಡಿಯೋ ಆಟವನ್ನು ಅರ್ಧ ಬೆಲೆಗೆ ಕೊಂಡೆ. ಆಗ ನನ್ನ ಮಗನಿಗೆ ಮೂರು ವರ್ಷ. ಈಗ ಅವನು ಐದನೆಯ ತರಗತಿಯಲ್ಲಿದ್ದಾನೆ. ಕಳೆದ ಭಾನುವಾರ ಅವನು ಇದೇ ಆಟದಲ್ಲಿ, ಯಾವುದೋ ನೇರಳೆ ಆಕಾಶದ ಗ್ರಹದ ಕಡಲ ನಡುವೆ ಚಿಕ್ಕದೊಂದು ತೆಪ್ಪವನ್ನು ನಿಲ್ಲಿಸಿಕೊಂಡು, ಗಾಳ ಹಾಕಿ ಮುಕ್ಕಾಲು ಗಂಟೆ ಮೀನು ಹಿಡಿಯುತ್ತ ಕುಳಿತಿದ್ದ. ಆ ಗಾಳ, ಆ ತೆಪ್ಪ, ನೀರಿನ ಮೇಲೆ ಹಾಗೆ ಏಳುತ್ತಿದ್ದ ಅಲೆಗಳು, ಇವು ಯಾವುವೂ ನಾನು ಹಣ ಕೊಟ್ಟ ದಿನ ಆಟದಲ್ಲಿ ಇರಲಿಲ್ಲ. ಅಲೆಗಳು 2024ರ ಜುಲೈನ ‘ವರ್ಲ್ಡ್ಸ್’ ಅಪ್‌ಡೇಟ್‌ನಲ್ಲಿ ಬಂದವು. ಮೀನುಗಾರಿಕೆ ಅದೇ ವರ್ಷ ‘ಅಕ್ವೇರಿಯಸ್’ ಎಂಬ ಅಪ್‌ಡೇಟ್‌ನಲ್ಲಿ ಬಂತು. ಎರಡಕ್ಕೂ ನಾನು ಒಂದು ರೂಪಾಯಿಯನ್ನೂ ಹೆಚ್ಚುವರಿಯಾಗಿ ಕೊಟ್ಟಿಲ್ಲ.

ಇಷ್ಟು ಓದಿದವರು, ಹಾಗಾದರೆ ಮುಂದೆ ಬರಲಿರುವುದನ್ನು ನಂಬಿ ಆಟ ಕೊಳ್ಳುವುದು ಲಾಭದಾಯಕವೇ ಸರಿ ಎಂದುಕೊಳ್ಳಬಹುದು. ಏಳು ವರ್ಷಗಳ ಬಳಕೆಯ ನಂತರ ನಾನು ತಲುಪಿರುವ ನಿಲುವು ಅದಲ್ಲ.

ಸಂತೆಯಲ್ಲಿ ತರಕಾರಿ ತೂಗಿದ ಮೇಲೆ ವ್ಯಾಪಾರಿ ಒಂದು ಹಿಡಿ ಕೊತ್ತಂಬರಿಯನ್ನೋ ನಾಲ್ಕು ಹಸಿಮೆಣಸಿನಕಾಯಿಯನ್ನೋ ಚೀಲಕ್ಕೆ ಹಾಕುವುದುಂಟು. ಅದು ಕೊಸರು. ಕೊಸರು ಕೊಡುವ ವ್ಯಾಪಾರಿಯ ಬಳಿಗೆ ನಾವು ಮತ್ತೆ ಹೋಗುತ್ತೇವೆ, ಆದರೆ ಕೊಸರಿಗೆಂದು ಯಾರೂ ಮುಂಗಡ ಕೊಡುವುದಿಲ್ಲ; ಅಳತೆಯೇ ಕಡಿಮೆಯಿದ್ದಾಗ ನಾಳೆ ಕೊಸರು ಹೆಚ್ಚು ಕೊಡುತ್ತೇನೆ ಎಂದರೆ ಒಪ್ಪುವುದೂ ಇಲ್ಲ. ಈ ಆಟದ ಚರಿತ್ರೆಯಲ್ಲಿ ಅಳತೆ ತುಂಬಿದ್ದು ಯಾವುದು, ಕೊಸರು ಯಾವುದು ಎಂಬುದನ್ನು ಬೇರೆ ಬೇರೆಯಾಗಿ ನೋಡದೆ ಅದರ ಬೆಲೆಯನ್ನು ಹೇಳಲಾಗದು.

ಇಂಗ್ಲೆಂಡಿನ ಗಿಲ್ಫೋರ್ಡ್‌ನ ಪುಟ್ಟ ಸಂಸ್ಥೆಯಾದ ಹಲೋ ಗೇಮ್ಸ್ ಇದನ್ನು 2016ರ ಆಗಸ್ಟ್‌ನಲ್ಲಿ 60 ಡಾಲರ್ ಬೆಲೆಗೆ ಬಿಡುಗಡೆ ಮಾಡಿತು. ಬಿಡುಗಡೆಗೆ ಮುಂಚಿನ ಸಂದರ್ಶನಗಳನ್ನು ಕೇಳಿದವರು, ಅಪರೂಪಕ್ಕಾದರೂ ಇನ್ನೊಬ್ಬ ಆಟಗಾರನನ್ನು ಎದುರುಗೊಳ್ಳಬಹುದು ಎಂದು ನಂಬಿದ್ದರು. ಮೊದಲ ದಿನವೇ ಇಬ್ಬರು ಆಟಗಾರರು ಒಂದೇ ಗ್ರಹದ ಒಂದೇ ಜಾಗಕ್ಕೆ ಹೋಗಿ ನಿಂತರು. ಒಬ್ಬರಿಗೊಬ್ಬರು ಕಾಣಿಸಲೇ ಇಲ್ಲ. ಜಾಹೀರಾತಿನ ಬಗ್ಗೆ ಬ್ರಿಟನ್ನಿನ ಜಾಹೀರಾತು ಮಾನದಂಡ ಪ್ರಾಧಿಕಾರಕ್ಕೆ ದೂರುಗಳು ಹೋದವು, ಆ ವರ್ಷದ ನವೆಂಬರಿನಲ್ಲಿ ಪ್ರಾಧಿಕಾರ ಅವನ್ನು ತಳ್ಳಿಹಾಕಿತು. ಕಾನೂನಿನ ಮಾತು ಅಲ್ಲಿಗೆ ಮುಗಿಯಿತು. ಆದರೆ ಆಟಗಾರರು ಪರಸ್ಪರ ಕಾಣಿಸಿಕೊಂಡು ನಿಜವಾಗಿ ಜೊತೆಗೂಡಿ ಆಡುವಂತಾದದ್ದು 2018ರ ಜುಲೈನಲ್ಲಿ ಬಂದ ‘ನೆಕ್ಸ್ಟ್’ ಅಪ್‌ಡೇಟ್‌ನಿಂದ, ಅಂದರೆ ಸುಮಾರು ಎರಡು ವರ್ಷಗಳ ಬಳಿಕ. ನನ್ನ ಲೆಕ್ಕದಲ್ಲಿ ಅಲ್ಲಿಯವರೆಗೆ ಬಂದದ್ದು ಕೊಸರಲ್ಲ, ಬಾಕಿ ಉಳಿದಿದ್ದ ಅಳತೆ.

ನಾನು ಕೊಂಡದ್ದು ಆ ಅಳತೆ ತುಂಬಿದ ಐದು ತಿಂಗಳ ಮೇಲೆ. 2016ರಲ್ಲಿ ಪೂರ್ತಿ ಬೆಲೆ ಕೊಟ್ಟವರ ಹಣದಿಂದ ಆದ ಕೆಲಸದ ಫಲವನ್ನು ಅರ್ಧ ಬೆಲೆಗೆ ಉಂಡವನು ನಾನು. ಭರವಸೆಯ ಮೇಲೆ ಕೊಳ್ಳುವವನು, ತಾನು ಗ್ರಾಹಕನೆಂದುಕೊಂಡಿದ್ದರೂ, ವಾಸ್ತವದಲ್ಲಿ ಸಂಸ್ಥೆಗೆ ಸಾಲ ಕೊಡುತ್ತಿರುತ್ತಾನೆ. ಆ ಸಾಲಕ್ಕೆ ಪತ್ರವಿಲ್ಲ, ಗಡುವಿಲ್ಲ, ಬಡ್ಡಿಯೇನಾದರೂ ಹುಟ್ಟಿದರೆ ಅದು ತಡವಾಗಿ ಬಂದ ನನ್ನಂಥವರ ಪಾಲಾಗುತ್ತದೆ. ಮಾತು ಉಳಿಸಿಕೊಂಡ ಸಂಸ್ಥೆಯ ವಿಷಯದಲ್ಲಿಯೇ ಹೀಗೆ.

ಉಳಿಸಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕರ್ಬಲ್ ಸ್ಪೇಸ್ ಪ್ರೋಗ್ರಾಂ 2 ಎಂಬ ಬಾಹ್ಯಾಕಾಶ ಯಾನದ ಆಟ ಒಂದು ನಿದರ್ಶನ. 2023ರ ಫೆಬ್ರವರಿಯಲ್ಲಿ ಅದು ಅರ್ಲಿ ಆಕ್ಸೆಸ್ ರೂಪದಲ್ಲಿ, ಅಂದರೆ ಪೂರ್ತಿಯಾಗುವ ಮೊದಲೇ, 49.99 ಡಾಲರಿಗೆ ಮಾರಾಟಕ್ಕೆ ಬಂದಾಗ, ವಿಜ್ಞಾನ ಪ್ರಯೋಗಗಳು, ಗ್ರಹಗಳ ಮೇಲಿನ ವಸಾಹತುಗಳು, ನಕ್ಷತ್ರದಿಂದ ನಕ್ಷತ್ರಕ್ಕೆ ಪಯಣ, ಜೊತೆಗೂಡಿ ಆಡುವ ಸೌಲಭ್ಯ ಎಂದು ಮುಂದೆ ಬರಲಿರುವುದನ್ನು ಚಿತ್ರದಲ್ಲಿ ಸಾಲಾಗಿ ಜೋಡಿಸಿದ ರೋಡ್‌ಮ್ಯಾಪ್ ಇತ್ತು. ಆ ವರ್ಷದ ಡಿಸೆಂಬರಿನಲ್ಲಿ ವಿಜ್ಞಾನದ ಭಾಗ ಬಂತು. 2024ರಲ್ಲಿ ಅಭಿವೃದ್ಧಿ ತಂಡವನ್ನೇ ಕೆಲಸದಿಂದ ಬಿಡುಗಡೆ ಮಾಡಲಾಯಿತು, ಉಳಿದ ಭಾಗಗಳು ಚಿತ್ರದಲ್ಲೇ ಉಳಿದವು. ರೋಡ್‌ಮ್ಯಾಪ್‌ನ ಚಿತ್ರ ನೋಡಿದಾಗಲೆಲ್ಲ ನನಗೆ ಬಡಾವಣೆಯ ನಕ್ಷೆಯಲ್ಲಿ ಹಸಿರು ಬಣ್ಣ ಬಳಿದು ‘ಉದ್ಯಾನ’ ಎಂದು ಬರೆದಿರುವ ಚೌಕ ನೆನಪಾಗುತ್ತದೆ.

ನಾನೂ ಒಮ್ಮೆ ಅಂಥ ಚೌಕಕ್ಕೆ ಹಣ ಕಟ್ಟಿದ್ದೇನೆ. ದೊಡ್ಡ ಸಂಸ್ಥೆಯೊಂದರ ಶೂಟಿಂಗ್ ಆಟ. ಹೆಸರು ಇಲ್ಲಿ ಬೇಡ. ಆಟದ ಜೊತೆಗೇ ಸೀಸನ್ ಪಾಸ್ ಕೊಂಡರೆ ಮೂರು ಹೊಸ ಅಧ್ಯಾಯಗಳು ಸಿಗುತ್ತವೆ ಎಂದಿದ್ದರು. ಮೊದಲನೆಯದು ನಾಲ್ಕು ತಿಂಗಳಿಗೆ ಬಂತು, ಒಂದೇ ಸಂಜೆಯಲ್ಲಿ ಮುಗಿಯಿತು. ಎರಡನೆಯದರ ಹೆಸರಿನಲ್ಲಿ ಬಂದದ್ದು ಕೆಲವು ವೇಷಭೂಷಣಗಳು. ಮೂರನೆಯದನ್ನು ಕೈಬಿಟ್ಟಿದ್ದೇವೆ ಎಂಬ ಒಂದು ಪ್ಯಾರಾದ ಪ್ರಕಟಣೆ ಬರುವ ಹೊತ್ತಿಗೆ ಹಣ ಹಿಂಪಡೆಯುವ ಅವಧಿ ಯಾವಾಗಲೋ ಕಳೆದಿತ್ತು. ಪಾಸಿನ ಕೋಡ್ ಮುದ್ರಿಸಿದ ಚೀಟಿ ಇನ್ನೂ ಡಿಸ್ಕ್ ಡಬ್ಬಿಯೊಳಗೆ ಇದೆ. ಬೆಳ್ಳಿ ಲೇಪವನ್ನು ನಾಣ್ಯದಿಂದ ಉಜ್ಜಿದ ಗುರುತು ಸಹ ಹಾಗೆಯೇ ಇದೆ.

ಈಚೆಗೆ ನಿಯಮಗಳು ತುಸು ಸುಧಾರಿಸಿವೆ. ಸೀಸನ್ ಪಾಸ್ ಮಾರುವವರು ಅದರಲ್ಲಿ ಏನೇನಿದೆ, ಯಾವಾಗ ಬರುತ್ತದೆ ಎಂಬುದನ್ನು ಮೊದಲೇ ತಿಳಿಸಬೇಕು, ಯಾವುದಾದರೂ ಭಾಗವನ್ನು ಕೈಬಿಟ್ಟರೆ ಅದರ ಮೌಲ್ಯವನ್ನು ಹಿಂದಿರುಗಿಸಬೇಕು ಎಂದು ಸ್ಟೀಮ್ 2024ರ ನವೆಂಬರಿನಲ್ಲಿ ಸ್ಪಷ್ಟಪಡಿಸಿತು. ಆದರೆ ಸ್ಟೀಮ್‌ನ ಸಾಮಾನ್ಯ ಹಿಂಪಾವತಿಯ ಮಿತಿ ಕೊಂಡ 14 ದಿನಗಳು ಮತ್ತು ಎರಡು ಗಂಟೆಗಳ ಆಟ. ರೋಡ್‌ಮ್ಯಾಪ್ ವರ್ಷಗಳ ಲೆಕ್ಕದಲ್ಲಿ ಮಾತನಾಡುತ್ತದೆ, ಹಿಂಪಾವತಿ ಗಂಟೆಗಳ ಲೆಕ್ಕದಲ್ಲಿ. ಅರ್ಲಿ ಆಕ್ಸೆಸ್ ಆಟಗಳ ಪುಟದಲ್ಲಿ, ಈಗಿರುವ ಸ್ಥಿತಿಯಲ್ಲಿ ಆಡುವ ಉತ್ಸಾಹವಿಲ್ಲದಿದ್ದರೆ ಕಾಯಿರಿ ಎಂಬ ಅರ್ಥದ ಸೂಚನೆ ಇರುತ್ತದೆ. ಅಂಗಡಿಯವನೇ ಹಾಗೆ ಹೇಳುತ್ತಿರುವಾಗ ಅದನ್ನು ಓದದೆ ದಾಟಿಹೋಗುವವರು ನಾವು.

ಭರವಸೆಯ ವ್ಯಾಪಾರವೆಲ್ಲ ಮೋಸವೆಂದು ನಾನು ಹೇಳುತ್ತಿಲ್ಲ. ದಿ ವಿಚರ್ 3 ಆಟದ ಎರಡು ವಿಸ್ತರಣೆಗಳನ್ನು ಆಟ ಬಿಡುಗಡೆಯಾಗುವ ಮುಂಚೆಯೇ ಮಾರಾಟಕ್ಕಿಟ್ಟ ಸಿಡಿ ಪ್ರಾಜೆಕ್ಟ್ ಸಂಸ್ಥೆ, ಅನುಮಾನವಿದ್ದರೆ ಈಗ ಕೊಳ್ಳಬೇಡಿ, ವಿಮರ್ಶೆಗಳಿಗಾಗಿ ಕಾಯಿರಿ ಎಂದೂ ಹೇಳಿತ್ತು. ವಿಸ್ತರಣೆಗಳು 2015ರ ಅಕ್ಟೋಬರ್ ಮತ್ತು 2016ರ ಮೇ ತಿಂಗಳಲ್ಲಿ ಬಂದವು, ಎರಡನೆಯದಂತೂ ಸ್ವತಂತ್ರ ಆಟವೆನ್ನುವಷ್ಟು ದೊಡ್ಡದಿತ್ತು. ಅಲ್ಲಿ ಭರವಸೆಗೆ ಬೆನ್ನೆಲುಬಾದದ್ದು ಮೊದಲ ದಿನವೇ ಅಳತೆ ತುಂಬಿದ್ದ ಮೂಲ ಆಟ.

ನೋ ಮ್ಯಾನ್ಸ್ ಸ್ಕೈಗೆ ಇಂದು ನನ್ನ ಶಿಫಾರಸು ಇದೆ, ಈಗ ಅದರಲ್ಲಿ ಇರುವುದಕ್ಕಾಗಿ. ಅಪ್‌ಡೇಟ್‌ಗಳು ಆಟವನ್ನು ಅಗಲಗೊಳಿಸಿದಷ್ಟು ಆಳಗೊಳಿಸಿಲ್ಲ. ಕಥೆಯನ್ನು ಬಯಸುವವರಿಗೆ ಇಪ್ಪತ್ತು ಗಂಟೆಗಳಲ್ಲಿ ಬೇಸರ ಬಂದರೂ ಬರಬಹುದು. 2016ರ ನಂತರ ಈ ಸಂಸ್ಥೆ ಕಲಿತ ಪಾಠ ಮಾತ್ರ ನನಗೆ ಬಹಳ ಇಷ್ಟ: ಮುಖ್ಯಸ್ಥ ಶಾನ್ ಮರ್ರೆ ಈಗ ಉದ್ದುದ್ದ ಭರವಸೆಗಳನ್ನು ಕೊಡುವುದಿಲ್ಲ, ಕೆಲಸ ಮುಗಿಯುತ್ತ ಬಂದಾಗ ಸಾಮಾಜಿಕ ಜಾಲತಾಣದಲ್ಲಿ ಒಂದು ಇಮೋಜಿಯನ್ನಷ್ಟೇ ಹಾಕುತ್ತಾರೆ.

ಅದೇ ಸಂಸ್ಥೆ 2023ರ ಡಿಸೆಂಬರಿನಲ್ಲಿ ಲೈಟ್ ನೋ ಫೈರ್ ಎಂಬ ಹೊಸ ಆಟವನ್ನು ಘೋಷಿಸಿದೆ. ಭೂಮಿಯಷ್ಟು ದೊಡ್ಡ ಒಂದೇ ಜಗತ್ತಂತೆ. ಅದರ ಟ್ರೇಲರ್ ನೋಡಿದಾಗಿನಿಂದ ಮಗ ಮುಂಗಡವಾಗಿ ಕೊಂಡುಬಿಡೋಣ ಅಪ್ಪ ಎನ್ನುತ್ತಿದ್ದಾನೆ. ಬಂದ ಮೇಲೆ ಒಂದು ವಾರ ಬಿಟ್ಟು, ಆ ದಿನ ಅದರೊಳಗೆ ಏನೇನಿದೆ ಎಂಬುದನ್ನು ಇಬ್ಬರೂ ಕೂತು ನೋಡೋಣ ಎಂದಿದ್ದೇನೆ. ಅವನು ಸದ್ಯಕ್ಕೆ ತೆಪ್ಪಕ್ಕೆ ಮರಳಿದ್ದಾನೆ.