ರೈಸ್ ಮಿಲ್ಲಿಗೆ ಯಾವುದು ಒಳ್ಳೇದು: ಮೋಟರ್ ಪಕ್ಕದ ಕೆಪಾಸಿಟರೋ, ಎಪಿಎಫ್‌ಸಿ ಪ್ಯಾನಲ್ಲೋ?

ಭದ್ರಾವತಿ ಕಡೆಯ ನಮ್ಮ ಪುಟ್ಟ ರೈಸ್ ಮಿಲ್ಲಿನದು ಎಲ್‌ಟಿ (ಕಡಿಮೆ ವೋಲ್ಟೇಜಿನ) ಸಂಪರ್ಕ. ಎಳೆಯುವ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲೇ ಪವರ್ ಫ್ಯಾಕ್ಟರ್. ಕರ್ನಾಟಕದಲ್ಲಿ ಎಲ್‌ಟಿಗೆ ಪವರ್ ಫ್ಯಾಕ್ಟರ್ 0.85, ಎಚ್‌ಟಿಗೆ (ಹೆಚ್ಚು ವೋಲ್ಟೇಜಿನದಕ್ಕೆ) 0.90 ಇರಬೇಕು. ಕೆಳಗಿಳಿದರೆ ಬಿಲ್ಲಿಗೆ ಸರ್‌ಚಾರ್ಜ್ ಸೇರುತ್ತದೆ. ನಮ್ಮದು 0.72ರಲ್ಲಿತ್ತು.

ಮೋಟರ್ ತಿರುಗಬೇಕಾದರೆ ಒಳಗೆ ಅಯಸ್ಕಾಂತ ಹುಟ್ಟಬೇಕು. ಅದಕ್ಕೆ ಬೇಕಾದ ಕರೆಂಟ್ ಕೆಲಸ ಮಾಡಲ್ಲ, ಲೈನಿನಲ್ಲಿ ಸುಮ್ನೆ ಹೋಗಿ ಬರುತ್ತಿರುತ್ತದೆ. ಕೆಪಾಸಿಟರ್ ಹಾಕಿದರೆ ಅದೇ ಆ ಕರೆಂಟನ್ನು ಹತ್ತಿರದಲ್ಲೇ ಕೊಡುತ್ತದೆ. 30 ಕಿಲೋವ್ಯಾಟ್ ಲೋಡಿಗೆ 0.72ರಲ್ಲಿ ಸುಮಾರು 58 ಆಂಪ್ಸ್ ಬೇಕು. 0.95ಕ್ಕೆ ಏರಿಸಿದರೆ 44 ಸಾಕು. ಅದಕ್ಕೆ ಬೇಕಾಗುವುದು 19 ಕೆವಿಎಆರ್ (ಕೆಪಾಸಿಟರಿನ ಅಳತೆ) ಕೆಪಾಸಿಟರ್. ಆದರೆ ಯೂನಿಟ್ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ ಅಂದುಕೊಳ್ಳಬೇಡಿ. ಮೀಟರ್ ಎಣಿಸುವುದು ನಿಜವಾದ ಕೆಲಸದ ಕರೆಂಟನ್ನು. ಸರ್‌ಚಾರ್ಜ್ ತಪ್ಪುತ್ತದೆ, ಕೇಬಲ್ ಬಿಸಿ ಕಡಿಮೆಯಾಗುತ್ತದೆ, ಅಷ್ಟೇ. ಪ್ಲಗ್ಗಿಗೆ ಸಿಕ್ಕಿಸಿದರೆ ಬಿಲ್ ಅರ್ಧ ಎನ್ನುವ ಡಬ್ಬಿ ಮಾರುವವರ ಮಾತು ಕೇಳಬೇಡಿ.

ಮೊದಲು ಮೇನ್ ಪ್ಯಾನಲ್ಲಿಗೆ ಒಂದೇ ದೊಡ್ಡ ಕೆಪಾಸಿಟರ್ ಹಾಕಿ ನೋಡಿದೆವು. ಅಗ್ಗ. ಆದರೆ ಭತ್ತ ಮೇಲೆತ್ತುವ ಎಲಿವೇಟರ್ ಒಂದೇ ಓಡುವಾಗಲೂ ಅದು ಲೈನಿನಲ್ಲೇ ಇರುತ್ತದೆ, ಬೇಕಾದ್ದಕ್ಕಿಂತ ಹೆಚ್ಚಾಗಿ ಪವರ್ ಫ್ಯಾಕ್ಟರ್ ಲೀಡಿಂಗ್ ಕಡೆ, ಅಂದರೆ ಉಲ್ಟಾ ಕಡೆ, ಹೋಗುತ್ತದೆ. ಆಳು ಪ್ರತಿ ಸಲ ನೆನಪಿಟ್ಟು ಆಫ್ ಮಾಡಬೇಕು. ಆಗೋ ಮಾತಲ್ಲ.

ಆಮೇಲೆ ಎಪಿಎಫ್‌ಸಿ ಪ್ಯಾನಲ್, ಅಂದರೆ ಪವರ್ ಫ್ಯಾಕ್ಟರನ್ನು ತಾನೇ ಸರಿಪಡಿಸುವ ಪ್ಯಾನಲ್, ಹಾಕಿದೆವು. ಲೋಡ್ ನೋಡಿ ತಾನೇ ಕೆಪಾಸಿಟರುಗಳನ್ನು ಒಂದೊಂದೇ ಸ್ಟೆಪ್ ಒಳಗೆ ಹೊರಗೆ ಮಾಡುತ್ತದೆ. 0.97 ಆರಾಮಾಗಿ ಬಂತು. ತೊಂದರೆ ಶುರುವಾದದ್ದು ಮಳೆಗಾಲದಲ್ಲಿ. ನಮ್ಮ ಕಡೆಯ ಜಡಿಮಳೆಯ ತೇವಕ್ಕೆ ಕೆಪಾಸಿಟರ್ ಸೇರಿಸಿ ಬಿಡಿಸುವ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟರ್, ತುಕ್ಕು ಹಿಡಿಯಿತು. ಹೊಟ್ಟಿನ ಧೂಳು ಬೇರೆ. ಹೀಟರ್ ಇರುವ, ಸರಿಯಾಗಿ ಸೀಲ್ ಮಾಡಿದ ಪ್ಯಾನಲ್ ಬೇಕಾಗುತ್ತದೆ, ಅದರ ಬೆಲೆಯೂ ಜಾಸ್ತಿ.

ಈಗ ಇಟ್ಟುಕೊಂಡಿರುವುದು ಮೋಟರಿಗೊಂದು ಕೆಪಾಸಿಟರ್. 20 ಎಚ್‌ಪಿ ಹಲ್ಲರಿಗೆ 6 ಕೆವಿಎಆರ್, 25 ಎಚ್‌ಪಿ ಪಾಲಿಶರಿಗೆ 7. ಮೋಟರ್ ನಿಂತರೆ ಕೆಪಾಸಿಟರೂ ಲೈನಿನಿಂದ ಬಿಡುತ್ತದೆ, ಯಾರೂ ನೆನಪಿಡಬೇಕಿಲ್ಲ. ಮಿಲ್ಲಿನ ಒಳಗಿನ ಕೇಬಲ್ಲಿಗೂ ಲಾಭ, ಮೇನ್‌ನಲ್ಲಿ ಕೂರಿಸಿದರೆ ಅದು ಸಿಗಲ್ಲ. ಪವರ್ ಫ್ಯಾಕ್ಟರ್ 0.87. ಸರ್‌ಚಾರ್ಜ್ ತಪ್ಪಿಸೋಕೆ ಸಾಕಲ್ವಾ? ಇನ್ನೂ ದೊಡ್ಡದು ಹಾಕಿ ಅಂತ ಎಲೆಕ್ಟ್ರಿಷಿಯನ್ ಹೇಳಿದರೂ ಒಪ್ಪಬೇಡಿ. ಖಾಲಿ ಓಡುವಾಗ ಮೋಟರ್ ಎಳೆಯುವ ಕರೆಂಟಿಗಿಂತ ಕೆಪಾಸಿಟರ್ ಕರೆಂಟ್ ಹೆಚ್ಚಾದರೆ, ಆಫ್ ಮಾಡಿದ ಮೇಲೂ ತಿರುಗುತ್ತಿರುವ ಮೋಟರ್ ತಾನೇ ಜನರೇಟರಿನಂತೆ ವೋಲ್ಟೇಜ್ ಏರಿಸಿ ವೈಂಡಿಂಗ್ ಕೆಡಿಸಬಹುದು. ಮೋಟರನ್ನು ಎರಡು ಹಂತದಲ್ಲಿ ಶುರು ಮಾಡುವ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇದ್ದರೆ ಕನೆಕ್ಷನ್ ಅನುಭವಿಯಿಂದಲೇ ಕೊಡಿಸಿ. ಖರೀದಿಸುವಾಗ ಡಬ್ಬಿಯ ಮೇಲಿನ ವೋಲ್ಟೇಜನ್ನೂ ಓದಿ. 440 ವೋಲ್ಟಿಗೆ 10 ಕೆವಿಎಆರ್ ಎಂದು ಬರೆದದ್ದು 415ರಲ್ಲಿ ಸುಮಾರು 8.9 ಮಾತ್ರ ಕೊಡುತ್ತದೆ.

ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿರುವಂಥ ವರ್ಕ್‌ಶಾಪುಗಳಲ್ಲಿ ಲೇತ್, ವೆಲ್ಡಿಂಗ್ ಗಳಿಗೆಗೊಂದು ಥರ ಓಡುತ್ತವೆ. ಅಂಥ ಕಡೆ ಎಪಿಎಫ್‌ಸಿಯೇ ಬೇಕು, ನನ್ನ ವಾದ ನಡೆಯಲ್ಲ. ವಿಎಫ್‌ಡಿ (ಮೋಟರಿನ ವೇಗ ಹೆಚ್ಚು ಕಡಿಮೆ ಮಾಡುವ ಡ್ರೈವ್) ಹಾಕುವ ಯೋಚನೆ ಇದ್ದರಂತೂ ಅದರ ಔಟ್‌ಪುಟ್ಟಿಗೆ, ಅಂದರೆ ಮೋಟರ್ ಪಕ್ಕಕ್ಕೆ, ಕೆಪಾಸಿಟರ್ ಕೊಡಲೇಬಾರದು. ಮೇನ್ ಕಡೆ, ವಿಎಫ್‌ಡಿ ಎಬ್ಬಿಸುವ ಹಾರ್ಮೋನಿಕ್ಸಿಗೆ (ಕರೆಂಟಿನ ಅಲೆ ಕೆಡಿಸುವ ಬೇರೆ ಅಲೆಗಳಿಗೆ) ಕೆಪಾಸಿಟರ್ ಬಿಸಿಯಾಗದಂತೆ ರಿಯಾಕ್ಟರ್ (ಅದನ್ನು ತಡೆಯುವ ಕಾಯಿಲ್) ಸಮೇತದ ಪ್ಯಾನಲ್ ಕೇಳಿ.